ಲ್ಯಾಟಿನ್‌ಗೆ ಪಗಾರ, ಹಳಗನ್ನಡಕ್ಕೆ ಹಾರ

ಬ್ಯಾಡಗಿಯ ಹುಡುಗಿಯೊಬ್ಬಳು ನನಗೆ ಗೊತ್ತು. ಕನ್ನಡ ಎಂ.ಎ. ಮಾಡಿ, ಶಾಸನಗಳ ಭಾಷೆಯ ಮೇಲೆ ಪಿಎಚ್.ಡಿ. ಮುಗಿಸಿ, ಈಗ ರಾಣೆಬೆನ್ನೂರಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. ನಮ್ಮ ಮನೆಗೆ ಬಂದ ಅತಿಥಿಗೆ ನಾವು ಮೊದಲು ಊಟಕ್ಕೆ ಹಾಕುತ್ತೇವೆ. ಈ ಅತಿಥಿಗೆ ಪಗಾರ ಯಾವ ತಿಂಗಳು ಬರುತ್ತದೋ ಅವಳಿಗೇ ಗೊತ್ತಿಲ್ಲ. ಮೊನ್ನೆ ಅವಳು ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದಳು. ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಹಳೆಯ ಲ್ಯಾಟಿನ್ ಬರಹಗಳನ್ನು ಕಂಪ್ಯೂಟರಿನಿಂದ ಅಧ್ಯಯನ ಮಾಡುವವರು ಬೇಕಾಗಿದ್ದಾರೆ, ಪಿಎಚ್.ಡಿ. ಆದವರು ಅರ್ಜಿ ಹಾಕಬಹುದು. ತಿಂಗಳ ಪಗಾರ ಉಂಟು, ರಜೆ ಉಂಟು, ವಿಮೆ ಉಂಟು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕೋರ, ಲ್ಯಾಟಿನ್ ಯಾರ ಮನ್ಯಾಗ ಮಾತಾಡ್ತಾರ್ರಿ?"

ಯಾರ ಮನೆಯಲ್ಲೂ ಮಾತಾಡುವುದಿಲ್ಲ. ರೋಮನ್ನರು ಹೋಗಿ ಎಷ್ಟೋ ಶತಮಾನವಾಯಿತು. ಚರ್ಚಿನ ಪ್ರಾರ್ಥನೆಯಲ್ಲಿ, ಕಾಗದಪತ್ರದಲ್ಲಿ ಅಷ್ಟಿಷ್ಟು ಉಳಿದಿದೆ. ಆ ಭಾಷೆಗೆ ಹುದ್ದೆ ಇದೆ. ಹಳಗನ್ನಡದ ಮಕ್ಕಳು, ಮೊಮ್ಮಕ್ಕಳು ಎನ್ನಬಹುದಾದ ಮಾತು ಹಾವೇರಿಯ ಬಸ್‌ಸ್ಟ್ಯಾಂಡಿನಲ್ಲಿ ದಿನಾ ಕೇಳುತ್ತದೆ. ಅದನ್ನು ಓದಬಲ್ಲವಳಿಗೆ ಮಾತ್ರ ಓಣಿಯವರೆಲ್ಲ ಕೇಳುವುದು, "ಅದನ್ನ ಓದಿ ಏನ್ ಮಾಡೂದೈತಿ? ಬಿ.ಎಡ್. ಆದ್ರೂ ಮಾಡಬೇಕಿತ್ತು" ಎಂದು.

ಅದನ್ನು ಓದಿ ಏನು ಮಾಡುವುದಿದೆ ಎಂದು ಹೇಳುತ್ತೇನೆ, ಕೇಳಿ. 1949ರಲ್ಲಿ ರೊಬೆರ್ತೊ ಬೂಸ ಎಂಬ ಇಟಲಿಯ ಪಾದ್ರಿ ಅಮೆರಿಕಕ್ಕೆ ಹೋಗಿ ಐ.ಬಿ.ಎಂ. ಕಂಪನಿಯ ಬಾಗಿಲು ತಟ್ಟಿದರು. ಸಂತ ಥಾಮಸ್ ಅಕ್ವಿನಾಸ್ ಬರೆದ ಲ್ಯಾಟಿನ್ನಿನ ಒಂದೊಂದು ಪದವೂ ಎಲ್ಲೆಲ್ಲಿ ಬಂದಿದೆ ಎಂದು ಯಂತ್ರದಿಂದ ಪಟ್ಟಿ ಮಾಡಿಸಬೇಕೆಂಬುದು ಅವರ ಹಟ. ಒಂದು ಕೋಟಿಗೂ ಮಿಕ್ಕಿದ ಪದಗಳು. ಕೆಲಸ ಮುಗಿದು 56 ಸಂಪುಟಗಳಾಗಿ ಹೊರಬರುವ ಹೊತ್ತಿಗೆ 1980 ಆಗಿತ್ತು. ಪುಸ್ತಕಗಳಲ್ಲಿ ಬೂಸ ಅವರ ಹೆಸರಿದೆ, ಇರಲಿ. ಆದರೆ ಆ ಪದಗಳನ್ನು ಕಾರ್ಡಿನ ಮೇಲೆ ತೂತು ಹೊಡೆದು ಯಂತ್ರಕ್ಕೆ ಉಣಿಸಿದವರು ಯಾರು? ಗಲ್ಲರಾತೆ ಎಂಬ ಊರಿನ ಹುಡುಗಿಯರು. ಅವರಿಗೆ ಲ್ಯಾಟಿನ್ ಬರುತ್ತಿರಲಿಲ್ಲ, ಆದರೆ ಒಂದಕ್ಷರ ತಪ್ಪುವಂತಿರಲಿಲ್ಲ. ಅವರ ಹೆಸರು ಬಹಳ ಕಾಲ ಯಾರಿಗೂ ಬೇಕಾಗಿರಲಿಲ್ಲ. ಎಷ್ಟೋ ದಶಕಗಳ ಮೇಲೆ ಜೂಲಿಯಾನ್ ನೈಹನ್ ಎಂಬ ವಿದುಷಿ ಅವರನ್ನು ಹುಡುಕಿ ಮಾತಾಡಿಸಿದರು. ಅಷ್ಟರಲ್ಲಿ ಅವರು ಅಜ್ಜಿಯರಾಗಿದ್ದರು. ಬೂಸ ಅವರ ಶಿಷ್ಯ ಮಾರ್ಕೊ ಪಸ್ಸರೊತ್ತಿ 2018ರಲ್ಲಿ ಮಿಲಾನ್‌ನಲ್ಲಿ ಯುರೋಪಿನ ಹಣದಿಂದಲೇ ದೊಡ್ಡ ಯೋಜನೆಯೊಂದನ್ನು ಶುರು ಮಾಡಿದರು. ಲ್ಯಾಟಿನ್ನಿನ ನಿಘಂಟು, ಗ್ರಂಥ, ವ್ಯಾಕರಣದ ಪಟ್ಟಿ ಎಲ್ಲವನ್ನೂ ಒಂದಕ್ಕೊಂದು ಗಂಟು ಹಾಕುವ ಕೆಲಸ. ಬ್ಯಾಡಗಿಯ ಹುಡುಗಿ ತೋರಿಸಿದಂಥ ಹುದ್ದೆಗಳು ಹುಟ್ಟುವುದು ಹೀಗೆ. ಆಕಾಶದಿಂದ ಉದುರಿದವಲ್ಲ ಅವು. ಎಪ್ಪತ್ತು ವರ್ಷ ಯಾರೋ ಪಟ್ಟು ಹಿಡಿದು ದುಡ್ಡು ಹಾಕಿದ ಫಲ.

ಕೆಲಸವಾದರೂ ಏನು? ಬ್ಯಾಡಗಿ ಮಾರುಕಟ್ಟೆಯಲ್ಲಿ ನಮ್ಮ ಹೆಣ್ಣುಮಕ್ಕಳು ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸಿ, ಡಬ್ಬಿ ಬೇರೆ, ಕಡ್ಡಿ ಬೇರೆ, ಬಿಳಿಗಾಯಿ ಬೇರೆ ಮಾಡುವುದನ್ನು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ. ಲ್ಯಾಟಿನ್ನಿನಲ್ಲಿ ಫೆರೋ, ತುಲಿ, ಲಾತುಮ್ ಎಂದರೆ ಮೂರೂ ಒಂದೇ ಕ್ರಿಯಾಪದ, 'ಹೊರು' ಎಂಬರ್ಥ. ಹೇಳಿಕೊಡದೆ ಯಂತ್ರಕ್ಕೆ ಹೇಗೆ ತಿಳಿಯಬೇಕು? ನಮ್ಮಲ್ಲೂ ಕೀಳು-ಕಿತ್ತ, ಸಾಯು-ಸತ್ತ, ತರು-ತಂದ ಇವೆ. ಇದು ಇಂದಿನ ಕನ್ನಡದ ಪಾಡು. ಹಳಗನ್ನಡಕ್ಕೆ ಹೋದರೆ ಹಾಲು 'ಪಾಲ್' ಆಗಿರುತ್ತದೆ, ಹೂ 'ಪೂ' ಆಗಿರುತ್ತದೆ, ಬಾಳು 'ಬಾೞ್' ಆಗಿರುತ್ತದೆ. ಆ 'ಪಾಲ್' ಒಂದು ಕಡೆ ಹಾಲು, ಇನ್ನೊಂದು ಕಡೆ ಆಸ್ತಿಯ ಪಾಲು. ಶಾಸನದಲ್ಲಿ ದೇವರಿಗೆ ಬಿಟ್ಟದ್ದು ಹಾಲೋ ಪಾಲೋ ಎಂದು ತೀರ್ಮಾನಿಸಲು ಹಿಂದುಮುಂದಿನ ಸಾಲು ಓದಿದವಳೇ ಬೇಕು. ಪದ ಪದದ ನಡುವೆ ಜಾಗ ಬಿಡದೆ ಕೆತ್ತಿದ ಕಲ್ಲು, ಸಂಧಿಯಾಗಿ ಅಂಟಿದ ಮಾತು. ಬಿಡಿಸುವುದಕ್ಕೆ ಕಣ್ಣೂ ಬೇಕು, ಓದೂ ಬೇಕು.

"ಈಗ ಎಲ್ಲ ಯಂತ್ರವೇ ಕಲಿತುಕೊಳ್ಳುತ್ತದಲ್ಲ" ಎನ್ನುವವರಿದ್ದಾರೆ. ಯಾವುದರಿಂದ ಕಲಿಯುತ್ತದೆ? ಯಾರೋ ತಿದ್ದಿ, ಗುರುತು ಹಾಕಿ ಇಟ್ಟದ್ದರಿಂದ. ಇಡದೆ ಇದ್ದರೆ ಅದು ಊಹೆ ಮಾಡುತ್ತದೆ, ಅದೂ ಬಲು ಧೈರ್ಯದಿಂದ. ತಪ್ಪು ಅರ್ಥವನ್ನು ನಮ್ಮ ಮೊಮ್ಮಕ್ಕಳು ನಿಜವೆಂದು ಕಲಿಯುತ್ತಾರೆ.

ನಮ್ಮಲ್ಲಿ ಏನೂ ಆಗಿಲ್ಲ ಎಂದು ನಾನು ಹೇಳುವುದಿಲ್ಲ. ಸರ್ಕಾರದ 15 ವಚನ ಸಂಪುಟಗಳು ಇಂದು 'ವಚನ ಸಂಚಯ'ದಲ್ಲಿ ಪದ ಹಾಕಿ ಹುಡುಕುವಂತಾಗಿವೆ. ಅಕ್ಕಮಹಾದೇವಿ ಒಂದು ಮಾತನ್ನು ಎಷ್ಟು ಸಲ ಬಳಸಿದಳೆಂದು ಅಡುಗೆಮನೆಯಲ್ಲಿ ನಿಂತೇ ನೋಡಬಹುದು. ಆದರೆ ಅದನ್ನು ಮಾಡಿದವರು ಬಿಡುವಿನಲ್ಲಿ ದುಡಿದ ಉತ್ಸಾಹಿಗಳು. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಬಂದಾಗ ಪೇಡೆ ಹಂಚಿದೆವು. ತಮಿಳರಿಗೆ ಚೆನ್ನೈನಲ್ಲಿ ಸ್ವಾಯತ್ತ ಸಂಸ್ಥೆ ಆಯಿತು; ನಮ್ಮ ಕೇಂದ್ರ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನದ ನೆರಳಿನಲ್ಲೇ ವರ್ಷಗಟ್ಟಲೆ ಕಳೆಯಿತು. 2023ರ ಜನವರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲೇ ಆಯಿತು. ಮೂರು ದಿನ ಊರಿಗೆ ಊರೇ ಹಬ್ಬ. ನಮ್ಮ ಏಲಕ್ಕಿ ಹಾರಕ್ಕೆ ಎಷ್ಟು ಕೊರಳು ಸಿಕ್ಕವೋ! ಹಳಗನ್ನಡ ಓದಬಲ್ಲ ಒಬ್ಬಳಿಗೆ ಅಲ್ಲಿಂದ ಒಂದು ಖಾಯಂ ಕುರ್ಚಿ ಹುಟ್ಟಿತೇ?

ಹುಟ್ಟುವುದು ಬೇರೆಯೇ. "ಹೆಂಗೂ ಮನ್ಯಾಗ ಇರ್ತೀರಿ, ಇದೊಂದು ಟೈಪ್ ಮಾಡಿಕೊಡ್ರಿ, ಕನ್ನಡದ ಸೇವೆ" ಎಂಬ ಬೇಡಿಕೆ. ಕರಡು ತಿದ್ದುವುದು, ಪದಸೂಚಿ ಮಾಡುವುದು, ಪತಿಯ ಹಸ್ತಪ್ರತಿ ಶುದ್ಧ ಮಾಡುವುದು, ಇವೆಲ್ಲ ನಮ್ಮ ಪಾಲಿಗೆ ಸೇವೆ. ಮುನ್ನುಡಿಯ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ, ಅದೂ ಜಾಗ ಉಳಿದರೆ. ರಾಣೆಬೆನ್ನೂರಿನ ಬೀಜದ ಹೊಲಗಳಲ್ಲಿ ಹೂವಿಗೆ ಹೂ ಮುಟ್ಟಿಸಿ ಕ್ರಾಸಿಂಗ್ ಮಾಡುವ ಹೆಂಗಸಿಗೆ ಕಡಿಮೆಯಾದರೂ ಕೂಲಿ ಕೊಡುತ್ತಾರೆ. ಸೇವೆ ಎಂದರೆ ಅವಳು ಬುಟ್ಟಿ ಬಿಸಾಡಿ ಹೋದಾಳು. ಓದಿದವಳು ಮಾತ್ರ ಏಕೆ ಪುಕ್ಕಟೆ ದುಡಿಯಬೇಕು?

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿದ್ದು ಸ್ವಂತ ಖರ್ಚಿನಲ್ಲಿ. ಆಕೆಯ ಶಾಸನವಿರುವ ಲಕ್ಕುಂಡಿ ನಮಗೆ ದೂರವೇನಲ್ಲ. ಗ್ರಂಥ ಉಳಿಯಬೇಕಾದರೆ ಬರೆಯುವ ಕೈಗೆ ಕೊಡಬೇಕು ಎಂಬುದು ಸಾವಿರ ವರ್ಷದ ಹಿಂದೆ ಒಬ್ಬ ಹೆಣ್ಣುಮಗಳಿಗೆ ತಿಳಿದಿತ್ತು.

ಹಾವೇರಿಯ ಮಗಳೇ ಆದ ವಸುಂಧರಾ ಫಿಲಿಯೋಜಾ ಧಾರವಾಡದಲ್ಲಿ ಓದಿ, ಪ್ಯಾರಿಸಿಗೆ ಹೋಗಿ ವಿಜಯನಗರದ ಶಾಸನಗಳ ಮೇಲೆ ಡಾಕ್ಟರೇಟ್ ಪಡೆದರು. ಪತಿಯೊಂದಿಗೆ ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರಕ್ಕೆ ಬಂದು, ತುಂಗಭದ್ರೆಯ ದಂಡೆಯ ಮುಕ್ತೇಶ್ವರ ದೇವಾಲಯದ ಉದ್ದುದ್ದ ಶಾಸನಗಳನ್ನು ಓದಿ ಅರ್ಥ ಬಿಡಿಸಿದರು. ಪುಸ್ತಕ 1995ರಲ್ಲಿ ಬಂತು. ನಮ್ಮ ಹುಡುಗಿಯರಿಗೆ ಬುದ್ಧಿ ಸಾಲದು ಎನ್ನುವವರ ಬಾಯಿಗೆ ಈ ಒಂದು ಹೆಸರು ಸಾಕು. ಆದರೆ ನಮ್ಮ ಊರಿನ ಕಲ್ಲನ್ನು ಓದಲಿಕ್ಕೆ ಪ್ರತಿಯೊಬ್ಬಳೂ ಪ್ಯಾರಿಸಿನ ದಾರಿ ಹಿಡಿಯಬೇಕೆ?

ನಾನು ಕೇಳುವುದು ದೊಡ್ಡದಲ್ಲ. ಹಾವೇರಿ ಜಿಲ್ಲೆಯ ಶಾಸನಗಳನ್ನು ಪದ ಪದವಾಗಿ ಬಿಡಿಸಿ ಗಣಕಕ್ಕೆ ಹಾಕಲು ಇಬ್ಬರು ಮೂವರಿಗೆ ಐದು ವರ್ಷದ ಹುದ್ದೆ. ತಿಂಗಳಿಗೆ ಸರಿಯಾಗಿ ಬರುವ ಪಗಾರ, ಹೆರಿಗೆ ರಜೆ, ಜೊತೆಗೆ ಕಂಪ್ಯೂಟರ್ ಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ. ಹುದ್ದೆ ಬೆಂಗಳೂರಿನಲ್ಲಲ್ಲ, ಇಲ್ಲೇ ಇರಬೇಕು. ಸಂಜೆ ಬಸ್ಸಿಗೆ ಬ್ಯಾಡಗಿಗೆ ಮರಳುವಂತಿರಬೇಕು. ಮಾಡಿದ ಕೆಲಸದ ಮೇಲೆ ಮಾಡಿದವಳ ಹೆಸರು ಇರಬೇಕು.

ಮುಂದಿನ ನವೆಂಬರಿನಲ್ಲಿ ರಾಜ್ಯೋತ್ಸವದ ಪಟ್ಟಿ ಹಿಡಿದು ಹುಡುಗರು ನಿಮ್ಮ ಬಾಗಿಲಿಗೂ ಬರುತ್ತಾರೆ. ಚಹಾ ಕೊಡಿ. ಆಮೇಲೆ ಕೇಳಿ: ಈ ದುಡ್ಡಿನಲ್ಲಿ ಪೆಂಡಾಲಿಗೆಷ್ಟು, ಹಾರಕ್ಕೆಷ್ಟು, ಹಳಗನ್ನಡ ಓದುವವಳಿಗೆ ಎಷ್ಟು?