798 ಎಕರೆ ಕೃಷ್ಣಮೃಗ ಕಾಡು: ಟೂರಿಸಂ ಬರೋ ಮುಂಚೆ ತಾಲ್ಲೂಕಿನವರು ಕೇಳಬೇಕಾದ ಪ್ರಶ್ನೆಗಳು

ಮಿಡಿಗೇಶಿ: ಶನಿವಾರ, ಭಾನುವಾರ ಬಂತು ಅಂದ್ರೆ ಮಧುಗಿರಿ ಏಕಶಿಲಾ ಬೆಟ್ಟ, ಮಿಡಿಗೇಶಿ ಕೋಟೆ, ಕೊರಟಗೆರೆ ಕಡೆಯ ಸಿದ್ದರಬೆಟ್ಟಕ್ಕೆ ಬೆಂಗಳೂರಿನ ಬೈಕು, ಕಾರು ಬರೋದು ಹೊಸ ವಿಷಯವೇನಲ್ಲ. ಬೆಳಿಗ್ಗೆ ಬೆಟ್ಟ ಹತ್ತಿ ಇಳಿದವರು ಮಧ್ಯಾಹ್ನ ಫೋನ್ ತೆಗೆದು "ಹತ್ತಿರದಲ್ಲಿ ಇನ್ನೇನಿದೆ" ಅಂತ ಹುಡುಕುತ್ತಾರೆ. ಹಾಗೆ ಹುಡುಕಿದಾಗ ಸಿಗೋ ಹೆಸರುಗಳಲ್ಲಿ ಒಂದು ಮೈದನಹಳ್ಳಿ. ತಾಲ್ಲೂಕಿನ ಪೂರ್ವದ ಅಂಚಿನಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡಿರೋ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ ಇರೋದು ಅಲ್ಲೇ.

ಬೆಟ್ಟಕ್ಕೆ ಜನ ಬಂದ್ರೆ ಬಂಡೆಗೆ ಏನೂ ಆಗಲ್ಲ, ಹೆಚ್ಚಂದ್ರೆ ಕಸ ಬೀಳುತ್ತೆ. ಹುಲ್ಲುಗಾವಲಿಗೆ ಜನ ನುಗ್ಗಿದ್ರೆ ಕಥೆ ಬೇರೆ. ಅದಕ್ಕೇ ಈ ಜಾಗದ ಬಗ್ಗೆ ಮಾತಾಡಬೇಕಾದ್ದು ಈಗ, ಜನಜಂಗುಳಿ ಆದ ಮೇಲಲ್ಲ.

ಏನಿದು ಜಾಗ?

ಒಟ್ಟು ವಿಸ್ತೀರ್ಣ 798 ಎಕರೆ, ಅಂದ್ರೆ ಸುಮಾರು 3.2 ಚದರ ಕಿ.ಮೀ. ಚೌಕ ಅಂದುಕೊಂಡ್ರೆ ಒಂದು ಬದಿ ಎರಡು ಕಿ.ಮೀ. ಕೂಡ ಆಗಲ್ಲ. ಪಾವಗಡದ ತಿರುಮಣಿ ಸೋಲಾರ್ ಪಾರ್ಕ್ ಹರಡಿರೋದು ಸುಮಾರು 13,000 ಎಕರೆಯಲ್ಲಿ. ಅದರೊಳಗೆ ಇಂಥ ಹದಿನಾರು ಕಾಡು ಹಿಡಿಸುತ್ತೆ. ಅಷ್ಟು ಚಿಕ್ಕ ಜಾಗ ಇದು.

ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿ ಸೇರೋ ಜಯಮಂಗಲಿ ನದಿಯ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. 2007ರ ಜುಲೈನಲ್ಲಿ ರಾಜ್ಯ ಸರ್ಕಾರ ಇದನ್ನು ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ಅದಕ್ಕೂ ಮೊದಲು ತುಮಕೂರಿನ ವನ್ಯಜೀವಿ ಆಸಕ್ತರು ವರ್ಷಗಟ್ಟಲೆ ಇಲ್ಲಿಗೆ ಓಡಾಡಿ, ಪ್ರಾಣಿ ಎಣಿಸಿ, ಸರ್ಕಾರದ ಬೆನ್ನು ಬಿದ್ದಿದ್ದರು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಅಭಯಾರಣ್ಯ ಬಿಟ್ರೆ, ರಾಜ್ಯದಲ್ಲಿ ಕೃಷ್ಣಮೃಗಕ್ಕೆ ಅಂತಲೇ ಹೆಸರಾದ ಜಾಗ ಇದು. ನರಿ, ಕಾಡುಬೆಕ್ಕು, ಗೌಜಲಹಕ್ಕಿ, ಚಳಿಗಾಲಕ್ಕೆ ದೂರದೇಶದಿಂದ ಬರೋ ಬೇಟೆಹಕ್ಕಿಗಳು ಇವೆಲ್ಲ ಇದೇ ಹುಲ್ಲಿನ ಆಸರೆಯಲ್ಲಿ ಬದುಕುತ್ತವೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲುಸೀಮೆಗೆ "ಇಲ್ಲಿ ಕಾಡೆಲ್ಲಿದೆ" ಅನ್ನೋ ಮಾತು ಅಂಟಿಕೊಂಡಿದೆ. ಆದ್ರೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ 2019ರಲ್ಲಿ ಚಿಂಕಾರ ವನ್ಯಜೀವಿಧಾಮ ಆಯ್ತು. ಮಧುಗಿರಿ–ಕೊರಟಗೆರೆ ಭಾಗದ ತಿಮ್ಮಲಾಪುರ ಕಾಡು ಕರಡಿಗಳಿಗಾಗಿ ವನ್ಯಜೀವಿಧಾಮ ಆಗಿದೆ. ಶಿರಾದ ಕಗ್ಗಲಡುವಿನಲ್ಲಿ ಊರ ಹುಣಸೆ ಮರಗಳ ಮೇಲೆ ಗೂಡು ಕಟ್ಟೋ ಕೊಕ್ಕರೆಗಳಿಗೆ ಊರವರೇ ಕಾವಲು. ಮೈದನಹಳ್ಳಿ ಈ ಸಾಲಿನಲ್ಲಿ ಬರೋ ಜಾಗ.

ಬೆಟ್ಟದ ಲೆಕ್ಕ ಬಯಲಿಗೆ ಬರಲ್ಲ

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ದೊಡ್ಡ ಸಾಲು ನಿಂತ ವಿಡಿಯೋ ಎಲ್ಲರ ಮೊಬೈಲ್‌ನಲ್ಲೂ ಓಡಾಡಿತ್ತು. ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ದಾರಿಗಳನ್ನು ಅರಣ್ಯ ಇಲಾಖೆ ತಾತ್ಕಾಲಿಕವಾಗಿ ಬಂದ್ ಮಾಡಿತು. ಅದೇ ವರ್ಷ 'ಅರಣ್ಯ ವಿಹಾರ' ವೆಬ್‌ಸೈಟ್ ಮೂಲಕ ಟಿಕೆಟ್ ಕೊಡೋದು ಶುರುವಾಯ್ತು. ಒಂದು ದಾರಿಗೆ ದಿನಕ್ಕೆ 300 ಜನ ಅನ್ನೋ ಮಿತಿಯೂ ಬಂತು.

ಇದರಿಂದ ಮಧುಗಿರಿ ಕಡೆಯವರು ತಿಳ್ಕೋಬೇಕಾದ್ದು ಒಂದಿದೆ. ದೊಡ್ಡ ಬೆಟ್ಟಗಳಲ್ಲಿ ಮಿತಿ ಬಿಗಿಯಾದಷ್ಟೂ ಬೆಂಗಳೂರಿಂದ ಎರಡೂವರೆ, ಮೂರು ಗಂಟೆ ದೂರದ ಚಿಕ್ಕ ಜಾಗಗಳನ್ನು ಹುಡುಕೋರು ಹೆಚ್ಚಾಗ್ತಾರೆ. ಹಾಗೆ ಬರೋರಿಗೆ ಮೈದನಹಳ್ಳಿ ದೂರವೇನಲ್ಲ.

ಆದ್ರೆ ಮುನ್ನೂರು ಜನ ಅನ್ನೋ ಲೆಕ್ಕ ಇಲ್ಲಿಗೆ ಹೊಂದಲ್ಲ. ಬೆಟ್ಟದ ಕಾಡಲ್ಲಿ ಜನ ಒಂದೇ ಕಾಲುದಾರಿಯಲ್ಲಿ ನಡೀತಾರೆ, ಪ್ರಾಣಿಗಳಿಗೆ ಮರದ ಮರೆ ಇರುತ್ತೆ. ಹುಲ್ಲುಗಾವಲಲ್ಲಿ ಮರೆ ಇಲ್ಲ. ಕೃಷ್ಣಮೃಗ ಬದುಕೋದೇ ದೂರದಿಂದ ಶತ್ರುವನ್ನು ನೋಡಿ ಓಡೋದರಿಂದ. ಒಂದು ಕಾರು ದಾರಿ ಬಿಟ್ಟು ಹುಲ್ಲಿಗೆ ಇಳಿದ್ರೆ, ಒಬ್ಬ ಡ್ರೋನ್ ಹಾರಿಸಿದ್ರೆ ಇಡೀ ಹಿಂಡೇ ಓಡುತ್ತೆ. 798 ಎಕರೆಯಲ್ಲಿ ಓಡಿ ಹೋಗೋದಾದ್ರೂ ಎಲ್ಲಿಗೆ? ಪಕ್ಕದ ರೈತನ ಹೊಲಕ್ಕೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಹೆಣ್ಣು ಕೃಷ್ಣಮೃಗ ಮರಿ ಹಾಕಿದ ಮೇಲೆ ಮರಿ ಕೆಲವು ದಿನ ಹುಲ್ಲೊಳಗೆ ಅಲ್ಲಾಡದೆ ಅವಿತು ಮಲಗಿರುತ್ತೆ, ತಾಯಿ ದೂರದಲ್ಲಿ ಮೇಯ್ತಿರುತ್ತೆ. "ಅಯ್ಯೋ ಪಾಪ, ತಬ್ಬಲಿ ಮರಿ" ಅಂತ ಎತ್ಕೊಂಡ್ರೆ ಅದನ್ನು ಉಳಿಸಿದಂಗಲ್ಲ, ತಾಯಿಯಿಂದ ದೂರ ಮಾಡಿದಂಗೆ. ಬೀದಿನಾಯಿ ಕಣ್ಣಿಗೆ ಬಿದ್ರಂತೂ ಮರಿಯ ಕಥೆ ಮುಗೀತು. ಪ್ರವಾಸಿಗರು ಬಿಟ್ಟು ಹೋಗೋ ಪಲಾವ್, ಚಿಕನ್ ಮೂಳೆ ನಾಯಿಗಳನ್ನ ಅಲ್ಲಿಗೆ ಕರೆಯುತ್ತೆ, ಅವು ಅಲ್ಲೇ ನೆಲೆ ನಿಲ್ಲುತ್ತವೆ. ಊಟದ ಪೊಟ್ಟಣಕ್ಕೂ ಜಿಂಕೆಮರಿಗೂ ಸಂಬಂಧ ಇರೋದು ಹೀಗೆ.

ಗಿಡ ನೆಟ್ರೆ ಒಳ್ಳೇದೇ ಅಲ್ವಾ?

ಜೂನ್ 5 ಬಂದ್ರೆ ಗಿಡ ನೆಡೋ ಫೋಟೋ ಎಲ್ಲೆಡೆ. ಖಾಲಿ ಬಯಲು ಕಂಡ್ರೆ "ಇಲ್ಲಿ ಗಿಡ ಹಾಕ್ಬಾರ್ದಾ" ಅನ್ಸೋದು ಸಹಜ. ಆದ್ರೆ ಹುಲ್ಲುಗಾವಲಿಗೆ ಮರ ನೆಡೋದು, ತುಂಬಿದ ಕೆರೆಗೆ ಮಣ್ಣು ಸುರಿದಂಗೆ. ಕೃಷ್ಣಮೃಗ ತಿನ್ನೋದು ಹುಲ್ಲು, ಅದಕ್ಕೆ ಬೇಕಿರೋದು ತೆರೆದ ಬಯಲು. ಮೈದನಹಳ್ಳಿ ಮೀಸಲಿನಲ್ಲಿ ಹಿಂದೆ ಹಾಕಿದ ನೀಲಗಿರಿ ತೋಪು ಈಗಲೂ ಇದೆ. ರಾಣೆಬೆನ್ನೂರು ಅಭಯಾರಣ್ಯದಲ್ಲೂ ದೊಡ್ಡ ಭಾಗಕ್ಕೆ ನೀಲಗಿರಿ ಹಾಕಿದ್ರು. ಅಂತರ್ಜಲದ ಕಾರಣಕ್ಕೆ ರಾಜ್ಯ ಸರ್ಕಾರವೇ 2017ರಲ್ಲಿ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧಿಸಿತು.

ಹಾಗಂತ ಇರೋ ಮರವನ್ನೆಲ್ಲ ನಾಳೆಯೇ ಕಡೀಬೇಕು ಅಂತಲ್ಲ. ಯಾವ ಭಾಗ ಹುಲ್ಲಿಗೆ, ಎಷ್ಟು ವರ್ಷದಲ್ಲಿ, ಕಡಿದ ಮರದ ದುಡ್ಡು ಎಲ್ಲಿಗೆ ಅನ್ನೋದು ಕಾಗದದ ಮೇಲೆ ಇರಬೇಕು. ಅದಕ್ಕೂ ಮೊದಲು ಶಾಲೆ, ಸಂಘ-ಸಂಸ್ಥೆಗಳು ಒಳ್ಳೆ ಮನಸ್ಸಿಂದಲೇ ಅಲ್ಲಿ ಗಿಡ ನೆಡೋಕೆ ಹೋಗೋದು ನಿಲ್ಲಬೇಕು. ಗಿಡ ನೆಡೋಕೆ ಊರ ಗುಂಡುತೋಪು, ರಸ್ತೆ ಬದಿ ಇದೆ.

ರೈತರ ಮಾತು ಬಿಟ್ಟು ಸಂರಕ್ಷಣೆ ಇಲ್ಲ

ಕೃಷ್ಣಮೃಗಕ್ಕೆ ಬೇಲಿ ಲೆಕ್ಕವಿಲ್ಲ. ರಾತ್ರಿ ಮೀಸಲು ದಾಟಿ ಕಡ್ಲೆಕಾಯಿ, ರಾಗಿ ಹೊಲಕ್ಕೆ ಇಳಿಯುತ್ತೆ. ಮಳೆ ಕೈಕೊಟ್ಟ ವರ್ಷ ಉಳಿದಿರೋ ಅರ್ಧ ಬೆಳೆಯನ್ನೂ ಮೇಯ್ದು ಹೋದ್ರೆ ರೈತನಿಗೆ ಸಿಟ್ಟು ಬರದೆ ಇರುತ್ತಾ? ಆ ಸಿಟ್ಟು ಉರುಳಾಗಿ, ತಂತಿಗೆ ಬಿಟ್ಟ ಕರೆಂಟಾಗಿ ಬದಲಾದ್ರೆ ಪ್ರಾಣಿಯೂ ಸಾಯುತ್ತೆ, ರೈತನೂ ಜೈಲು ಸೇರ್ತಾನೆ. ಕೃಷ್ಣಮೃಗ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಕೊಂದ್ರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿ ಪ್ರಕಾರ ದಂಡವೂ 25,000 ರೂಪಾಯಿಗೆ ಕಡಿಮೆ ಇಲ್ಲ. 1998ರ ಬೇಟೆ ಕೇಸಲ್ಲಿ ಸಿನಿಮಾ ನಟ ಸಲ್ಮಾನ್ ಖಾನ್‌ಗೆ 2018ರಲ್ಲಿ ಜೋಧ್‌ಪುರ ಕೋರ್ಟ್ 5 ವರ್ಷ ಶಿಕ್ಷೆ ಕೊಟ್ಟಿದ್ದು ಇದೇ ಪ್ರಾಣಿಯ ವಿಷಯಕ್ಕೆ.

ಕುರಿ ಸಾಕೋರದ್ದು ಇನ್ನೊಂದು ಪ್ರಶ್ನೆ. ಬೇಸಿಗೆಯಲ್ಲಿ ಕುರಿಗೂ ಜಿಂಕೆಗೂ ಬೇಕಿರೋದು ಅದೇ ಹುಲ್ಲು. ಒಂದರ ರೋಗ ಇನ್ನೊಂದಕ್ಕೆ ತಗಲೋ ಅಪಾಯವೂ ಇದೆ. ಸುತ್ತಲ ಊರುಗಳ ಕುರಿ, ದನಕ್ಕೆ ಕಾಲಕಾಲಕ್ಕೆ ಲಸಿಕೆ ಬಿದ್ರೆ ಸಾಕಿದವರಿಗೂ ಲಾಭ, ಕಾಡಿಗೂ ಲಾಭ. "ಒಳಗೆ ಬರಬೇಡಿ" ಅನ್ನೋ ಬೋರ್ಡ್ ಒಂದರಿಂದ ಇದು ಬಗೆಹರಿಯಲ್ಲ.

ಕಾನೂನಲ್ಲೇ ಇರೋ ಕುರ್ಚಿ

ಇಲ್ಲಿ ಮುಖ್ಯವಾದ ಮಾತು ಬರುತ್ತೆ. ಸಂರಕ್ಷಣಾ ಮೀಸಲು ಅನ್ನೋದು ಹುಲಿ ಕಾಡಿನ ಥರ ಅಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಲ್ಲಿ 36-ಎ, 36-ಬಿ ಅನ್ನೋ ಸೆಕ್ಷನ್ ಸೇರಿಸಿದ್ರು. ಜಾಗ ಸರ್ಕಾರದ್ದಾಗಿರಬೇಕು, ಘೋಷಿಸೋ ಮೊದಲು ಸುತ್ತಲ ಜನರ ಜೊತೆ ಸಮಾಲೋಚನೆ ಆಗಬೇಕು. ಘೋಷಿಸಿದ ಮೇಲೆ ಅದಕ್ಕೊಂದು ನಿರ್ವಹಣಾ ಸಮಿತಿ ಇರಬೇಕು.

ಆ ಸಮಿತಿಯಲ್ಲಿ ಯಾರಿರಬೇಕು ಅಂತಲೂ ಕಾಯ್ದೆ ಬರೆದಿದೆ. ಅರಣ್ಯ ಇಲಾಖೆ ಪ್ರತಿನಿಧಿ ಸದಸ್ಯ ಕಾರ್ಯದರ್ಶಿ. ಮೀಸಲು ಯಾವ್ಯಾವ ಗ್ರಾಮ ಪಂಚಾಯ್ತಿ ವ್ಯಾಪ್ತಿಗೆ ಬರುತ್ತೋ ಆ ಪ್ರತಿ ಪಂಚಾಯ್ತಿಯಿಂದ ಒಬ್ಬರು. ವನ್ಯಜೀವಿ ಸಂರಕ್ಷಣೆ ಮಾಡೋ ಸಂಸ್ಥೆಗಳಿಂದ ಮೂವರು. ಕೃಷಿ ಇಲಾಖೆಯಿಂದ ಒಬ್ಬರು, ಪಶುಪಾಲನೆ ಇಲಾಖೆಯಿಂದ ಒಬ್ಬರು. ಬೆಳೆಹಾನಿ ಮಾತಾಡೋಕೆ ಕೃಷಿ ಇಲಾಖೆ, ಕುರಿ-ದನದ ಮಾತಿಗೆ ಪಶು ಇಲಾಖೆ, ಊರಿನ ಮಾತಿಗೆ ಪಂಚಾಯ್ತಿ. ಸಮಿತಿ ಕೊಡೋದು ಸಲಹೆ ಮಾತ್ರ, ತೀರ್ಮಾನ ಮೇಲಿನವರದ್ದು. ಆದ್ರೂ ಬರೆದು ಕೊಟ್ಟ ಸಲಹೆಗೆ ಬೆಲೆ ಇದೆ, ಬಾಯಿಮಾತಿಗೆ ಅದಿಲ್ಲ.

ಅಂಗಡಿಯವರಿಗೆ, ರೈತರಿಗೆ ಆ ಸಮಿತಿಯಲ್ಲಿ ಬೇರೆ ಕುರ್ಚಿ ಇಲ್ಲ. ಅವರ ಮಾತು ಒಳಗೆ ಹೋಗೋದು ಪಂಚಾಯ್ತಿ ಪ್ರತಿನಿಧಿ ಮೂಲಕವೇ. ಹಾಗಾಗಿ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ನೇರವಾಗಿಯೇ ಇವೆ. ನಮ್ಮ ಪಂಚಾಯ್ತಿಯಿಂದ ಸಮಿತಿಯಲ್ಲಿ ಇರೋರು ಯಾರು? ಕೊನೇ ಸಭೆ ಯಾವಾಗ ಆಯ್ತು, ಏನು ಬರೆದುಕೊಂಡ್ರು? ದಿನಕ್ಕೆ ಎಷ್ಟು ಗಾಡಿ ಬಿಡಬೇಕು ಅನ್ನೋ ತೀರ್ಮಾನ ಇದ್ಯಾ? ಪ್ರವಾಸಿಗರಿಂದ ಬರೋ ಹಣದಲ್ಲಿ ಕಾವಲುಗಾರ, ಬೆಂಕಿರೇಖೆ, ನಾಯಿ ನಿಯಂತ್ರಣಕ್ಕೆ ಎಷ್ಟು ಇಡ್ತಾರೆ? ಬಾಯಿಮಾತಿಗೆ ಉತ್ತರ ಸಿಗದಿದ್ರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕು ಅರ್ಜಿ ಹಾಕಬಹುದು, 30 ದಿನದೊಳಗೆ ಉತ್ತರ ಕೊಡಬೇಕು.

ಅಂಗಡಿಯವರ ಪಾಲಿನದ್ದು

ಬರೋ ಪ್ರವಾಸಿ ಊರಿಗೆ ಏನು ಬಿಟ್ಟು ಹೋಗ್ತಾನೆ? ನೀರು, ತಿಂಡಿ, ಪೆಟ್ರೋಲ್ ಎಲ್ಲ ಬೆಂಗಳೂರಲ್ಲೇ ತುಂಬಿಕೊಂಡು ಬಂದ್ರೆ ಇಲ್ಲಿಗೆ ಉಳಿಯೋದು ಬರೀ ಖಾಲಿ ಬಾಟ್ಲಿ. ಊರಲ್ಲಿ ಬಿಸಿ ಊಟ, ಕಾಫಿ, ದಾರಿ ತೋರಿಸೋ ಹುಡುಗರು ಸಿಕ್ಕಿದ್ರೆ ನಾಲ್ಕು ಕಾಸು ಇಲ್ಲಿ ಓಡಾಡುತ್ತೆ. ಮಿಡಿಗೇಶಿ, ಐ.ಡಿ.ಹಳ್ಳಿ, ಪುರವರದ ಅಂಗಡಿಗಳವರು ಸೇರಿ ಮಾಡಬಹುದಾದ ಒಂದು ಕೆಲಸಕ್ಕೆ ತಮಿಳುನಾಡಿನಲ್ಲಿ ಉದಾಹರಣೆ ಇದೆ. ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಸರ್ಕಾರಿ ಮದ್ಯದಂಗಡಿಗಳು ಬಾಟ್ಲಿಗೆ 10 ರೂಪಾಯಿ ಹೆಚ್ಚು ತಗೊಂಡು, ಖಾಲಿ ಬಾಟ್ಲಿ ವಾಪಸ್ ಕೊಟ್ರೆ ಆ 10 ರೂಪಾಯಿ ವಾಪಸ್ ಕೊಡ್ತವೆ. ಕಾಡಲ್ಲಿ ಒಡೆದ ಗಾಜಿಂದ ಪ್ರಾಣಿಗಳಿಗೆ ಆಗ್ತಿದ್ದ ತೊಂದರೆ ನೋಡಿ ಮದ್ರಾಸ್ ಹೈಕೋರ್ಟ್ ಮುತುವರ್ಜಿಯಿಂದ ಶುರುವಾದದ್ದದು. ನೀರಿನ ಬಾಟ್ಲಿಗೆ ಇಂಥದ್ದೇ ಮಾಡೋಕೆ ಅಂಗಡಿಯವರ ಒಗ್ಗಟ್ಟು ಬೇಕು.

ಮೀಸಲಿನಲ್ಲಿ ಪ್ರಾಣಿಗಳನ್ನ ಕೆಣಕೋದು, ಕಸ ಎಸೆಯೋದು, ಬೆಂಕಿ ಹಚ್ಚೋದು ಮೂರೂ ಕಾಯ್ದೆ ಪ್ರಕಾರ ಅಪರಾಧ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಲ್ಲು ಒಣಗಿ ನಿಂತಿರುತ್ತೆ, ಒಂದು ಬೀಡಿ ತುಂಡು ಸಾಕು. ದಾರಿಯ ಅಂಗಡಿಯವರೇ ಗಿರಾಕಿಗೆ ಒಂದು ಮಾತು ಹೇಳಿದ್ರೆ ಇಲಾಖೆ ಬೋರ್ಡ್‌ಗಿಂತ ಹೆಚ್ಚು ಕೆಲಸ ಮಾಡುತ್ತೆ.

ನೋಡೋಕೆ ಹೋಗೋರಿಗೂ ಅಷ್ಟೇ: ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಮೊದಲು ಅರಣ್ಯ ಸಿಬ್ಬಂದಿಗೆ ತಿಳಿಸಿ. ಗಾಡಿ ದಾರಿಯಲ್ಲೇ ಇರಲಿ. ಸಾಕುನಾಯಿ ಕರ್ಕೊಂಡು ಹೋಗಬೇಡಿ. ಕಪ್ಪು ಬೆನ್ನು, ತಿರುಚಿದ ಕೊಂಬಿನ ಗಂಡು ದೂರದಲ್ಲಿ ಕಂಡ್ರೆ ಅಲ್ಲೇ ನಿಂತು ನೋಡಿ, ಹತ್ತಿರ ಹೋದಷ್ಟೂ ಅದು ಇನ್ನೂ ದೂರ ಹೋಗುತ್ತೆ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಅಂತ ಘೋಷಣೆ ಆದದ್ದೂ 2007ರಲ್ಲೇ. ಅಲ್ಲಿ ಹಕ್ಕಿಗಳನ್ನ ಉಳಿಸಿದ್ದು ಊರವರು ಅಂತ ನಾಡಿಗೆಲ್ಲ ಗೊತ್ತು. ಮೈದನಹಳ್ಳಿಯಲ್ಲಿ ಜಾಗ ಸರ್ಕಾರದ್ದು, ಆದ್ರೆ ಅದರ ಹಾನಿ, ಲಾಭ ಎರಡೂ ಸುತ್ತಲ ಹಳ್ಳಿಗಳದ್ದು. ಮುಂದಿನ ಗ್ರಾಮಸಭೆಯ ನೋಟಿಸ್ ಬಂದಾಗ ಚರಂಡಿ, ಬೀದಿದೀಪದ ಪಟ್ಟಿಯ ಕೆಳಗೆ ಈ ಕಾಡಿನ ಹೆಸರನ್ನೂ ಬರೆಸಬೇಕು.