ಬಾಣಲೆಯ ಎಣ್ಣೆ ಯಾವ ಎಂಜಿನ್ನಿಗೆ?

ಜಯನಗರ 4ನೇ ಬ್ಲಾಕಿನ ಚಿಪ್ಸ್ ಅಂಗಡಿಯಿಂದ ಬಿಟಿಎಂ ಲೇಔಟಿನ ಪಿ.ಜಿ. ಅಡುಗೆಮನೆಯವರೆಗೆ ದಕ್ಷಿಣ ಬೆಂಗಳೂರು ದಿನವಿಡೀ ಏನಾದರೊಂದು ಕರಿಯುತ್ತಲೇ ಇರುತ್ತದೆ. ಕರಿದುಳಿದ ಎಣ್ಣೆಯನ್ನು ಜೈವಿಕ ಡೀಸೆಲ್ ಮಾಡಿದರೆ ನಗರದ ಹೊಗೆ ತಗ್ಗುತ್ತದೆ ಎಂಬ ಭಾಷಣ ಪ್ರತಿ ಆಗಸ್ಟ್ 10ರ ಜೈವಿಕ ಇಂಧನ ದಿನಕ್ಕೆ ತಪ್ಪದೆ ಬರುತ್ತದೆ. ವಿದ್ಯುತ್ ವಾಹನಗಳ ಪರ ಇರುವವರು ಇದನ್ನು ಕಣ್ಣೊರೆಸುವ ತಂತ್ರವೆಂದು ತಳ್ಳಿಹಾಕುತ್ತಾರೆ. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ: ಸಿಗುವುದೇ ಸ್ವಲ್ಪ ಎಣ್ಣೆ, ಅದನ್ನು ಯಾವ ಎಂಜಿನ್ನಿಗೆ ಹಾಕಬೇಕು? ನನ್ನ ಪ್ರಕಾರ ಈಗಿನ ನೀತಿ ಅದನ್ನು ಉಪಯೋಗಕ್ಕೆ ಬಾರದ ಕಡೆಗೇ ಹರಿಸಲು ಹೊರಟಿದೆ.

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ಕ್ಕೆ ಡೀಸೆಲಿನಲ್ಲಿ ಶೇ 5ರಷ್ಟು ಜೈವಿಕ ಡೀಸೆಲ್ ಬೆರೆಸುವ ಗುರಿ ಇಟ್ಟಿತು. ಅದೇ ವರ್ಷ ಆಹಾರ ಸುರಕ್ಷತಾ ಪ್ರಾಧಿಕಾರವು ಬಳಸಿದ ಎಣ್ಣೆಯನ್ನು ಇಂಧನಕ್ಕೆ ತಿರುಗಿಸುವ 'ರುಕೊ' ಯೋಜನೆ ಆರಂಭಿಸಿ, 2022ರ ಹೊತ್ತಿಗೆ 220 ಕೋಟಿ ಲೀಟರ್ ಸಿಗಬಹುದೆಂದಿತು. 2019ರಲ್ಲಿ ತೈಲ ಕಂಪನಿಗಳು 100 ನಗರಗಳಲ್ಲಿ ಇಂಥ ಡೀಸೆಲನ್ನು ಮೊದಲ ವರ್ಷ ಲೀಟರಿಗೆ 51 ರೂಪಾಯಿಯಂತೆ ಕೊಳ್ಳಲು ಮುಂದಾದವು. ಇಷ್ಟಾದರೂ ಮಿಶ್ರಣ ಶೇ 1ನ್ನೂ ದಾಟಲಿಲ್ಲ. (ಕರ್ನಾಟಕಕ್ಕೆ ಈ ಕಥೆ ಹೊಸದಲ್ಲ; ಹೊಂಗೆ ಬೀಜ ನಂಬಿ ಹೊರಟ 'ಬರಡು ಬಂಗಾರ', 'ಹಸಿರು ಹೊನ್ನು' ಯೋಜನೆಗಳ ಹೆಸರಿನಲ್ಲಿದ್ದ ಹೊಳಪು ಪೆಟ್ರೋಲ್ ಬಂಕಿನವರೆಗೆ ಬರಲಿಲ್ಲ.) ಇನ್ನು ಗುರಿ ಮುಟ್ಟಿದರೂ ಆಗುವುದೇನು? 2020ರ ಏಪ್ರಿಲ್‌ನಿಂದ ಮಾರಾಟವಾದ ಬಿಎಸ್-6 ಬಸ್ಸು, ಲಾರಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಫಿಲ್ಟರ್ ಈಗಾಗಲೇ ತಡೆಯುತ್ತಿರುವ ಮಸಿಯನ್ನು ಶೇ 5ರ ಬೆರಕೆ ಇನ್ನಷ್ಟು ತಗ್ಗಿಸಿದರೆ ಸಿಲ್ಕ್ ಬೋರ್ಡಿನ ಮಾಪನ ಕೇಂದ್ರಕ್ಕೆ ಅದು ಗೊತ್ತೂ ಆಗದು.

ಹಳೆಯ, ಫಿಲ್ಟರಿಲ್ಲದ ಎಂಜಿನ್ನಿನ ಲೆಕ್ಕವೇ ಬೇರೆ. ಜೈವಿಕ ಡೀಸೆಲಿನ ತೂಕದಲ್ಲಿ ಶೇ 10ರಿಂದ 11ರಷ್ಟು ಆಮ್ಲಜನಕವೇ ಇರುವುದರಿಂದ ಇಂಧನ ಹೆಚ್ಚು ಪೂರ್ಣವಾಗಿ ಉರಿಯುತ್ತದೆ. ಅಮೆರಿಕದ ಪರಿಸರ ಸಂಸ್ಥೆ 2002ರಲ್ಲಿ ಅಂದಿನ ಭಾರಿ ಎಂಜಿನ್ನುಗಳ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಶೇ 20ರ ಮಿಶ್ರಣದಲ್ಲಿ ಕಣಮಾಲಿನ್ಯ ಸುಮಾರು ಶೇ 10ರಷ್ಟು, ಅಪ್ಪಟ ಜೈವಿಕ ಡೀಸೆಲಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಇಳಿದಿತ್ತು. ನಮ್ಮಲ್ಲಿ ಅಂಥ ಎಂಜಿನ್ನುಗಳು ಎಲ್ಲಿವೆ? ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯ ಜನರೇಟರುಗಳಲ್ಲಿ, ನೀರಿನ ಟ್ಯಾಂಕರುಗಳಲ್ಲಿ, ಹಳೆಯ ಕಸದ ಲಾರಿಗಳಲ್ಲಿ. ಬೆಂಗಳೂರಿನ ಪಿಎಂ10 ಕಣಮಾಲಿನ್ಯದಲ್ಲಿ ಜನರೇಟರುಗಳ ಪಾಲೇ ಶೇ 7 ಎಂದು ಟೆರಿ ಸಂಸ್ಥೆ 2010ರಲ್ಲಿ ಅಂದಾಜಿಸಿತ್ತು. 2023ರ ಜುಲೈನಿಂದ ಬಂದ ಬಿಗಿ ನಿಯಮ ಹೊಸ ಜನರೇಟರಿಗಷ್ಟೇ. ಹಳೆಯದು ಮಲಗುವ ಕೋಣೆಯ ಕಿಟಕಿಗೆ ನೇರವಾಗಿ ಹೊಗೆಯುಗುಳುತ್ತಲೇ ಇದೆ. ಜನರೇಟರ್ ಇದ್ದಲ್ಲೇ ಇರುತ್ತದೆ, ಎಣ್ಣೆ ಹುಟ್ಟುವುದೂ ಅದೇ ಬಡಾವಣೆಯಲ್ಲಿ. ಟ್ಯಾಂಕರುಗಳಂತೂ 2024ರ ಬರಗಾಲದಲ್ಲಿ ನೋಂದಣಿ ಕಡ್ಡಾಯವಾಗಿ, ದರವೂ ನಿಗದಿಯಾಗಿ, ಸರ್ಕಾರದ ಪಟ್ಟಿಗೆ ಸೇರಿದವು. ದರ ಗೊತ್ತುಮಾಡಿದ ಆಡಳಿತ ಇಂಧನವನ್ನೂ ಗೊತ್ತುಮಾಡಬಹುದು.

ಆಕ್ಷೇಪಗಳು ಗಟ್ಟಿಯಾಗಿಯೇ ಇವೆ. ಅಪ್ಪಟ ಜೈವಿಕ ಡೀಸೆಲಿನಲ್ಲಿ ನೈಟ್ರೋಜನ್ ಆಕ್ಸೈಡ್ ಸುಮಾರು ಶೇ 10ರಷ್ಟು ಏರುತ್ತದೆ, ಅದು ಓಜೋನಿಗೆ ಮೂಲ. ನಿಜ. ಆದರೆ ಶೇ 20ರ ಮಿಶ್ರಣದಲ್ಲಿ ಆ ಏರಿಕೆ ಶೇ 2ರ ಆಸುಪಾಸು ಮಾತ್ರ. ನೆಲಮಾಳಿಗೆಯ ಮಸಿಯನ್ನು ಇಳಿಸಲು ಆ ಬೆಲೆ ತೆರಬಹುದು, ಹಾಗಾಗಿ ಮಿತಿಯನ್ನು ಅಲ್ಲೇ ನಿಲ್ಲಿಸಬೇಕು. ಹಳೆ ಟ್ಯಾಂಕಿನ ಗಸಿ ಕರಗಿ ಮೊದಮೊದಲು ಇಂಧನದ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಹಳೆಯ ರಬ್ಬರ್ ಸೀಲು ಸಡಿಲಾಗುತ್ತದೆ. ಇವು ಮೆಕ್ಯಾನಿಕ್ಕಿನ ಕೈಯಲ್ಲಿ ಮುಗಿಯುವ ತಾಪತ್ರಯಗಳು. ಪಾಮೊಲಿನ್‌ನಿಂದ ಬಂದದ್ದು ಚಳಿಗೆ ಹೆಪ್ಪುಗಟ್ಟುತ್ತದೆಂಬ ಹೆದರಿಕೆಯೂ ಈ ಮಿಶ್ರಣದ ಮಟ್ಟದಲ್ಲಿ, ಬೆಂಗಳೂರಿನ ಚಳಿಗೆ, ದೊಡ್ಡದಲ್ಲ. ನಿಜವಾದ ಅಪಾಯ ಕಲಬೆರಕೆ. ಗುಜರಾತಿನಲ್ಲಿ ಕೈಗಾರಿಕಾ ತೈಲವನ್ನೇ ಬಯೋಡೀಸೆಲ್ ಎಂದು ಮಾರಿದ ದಂಧೆ ಸರ್ಕಾರ ದಾಳಿ ನಡೆಸುವಷ್ಟು ಬೆಳೆದಿತ್ತು. ಜೈವಿಕ ಡೀಸೆಲಿನ ಐಎಸ್ 15607 ಮಾನಕಕ್ಕೆ ಪರೀಕ್ಷೆಯಾಗದ ಒಂದು ಡಬ್ಬವೂ ಜನರೇಟರಿಗೆ ಹೋಗಬಾರದು. ಕರಿದ ಎಣ್ಣೆಯನ್ನು ಸೋಸಿ ನೇರ ಸುರಿಯುವ ಜಾಣತನವಂತೂ ಬೇಡವೇ ಬೇಡ.

ಎಲ್ಲವೂ ವಿದ್ಯುತ್ತಿಗೆ ಬದಲಾಗುತ್ತಿರುವಾಗ ಇದೇಕೆ ಎಂಬ ಪ್ರಶ್ನೆಗೆ ಬಸ್ಸಿನ ಮಟ್ಟಿಗೆ ನನ್ನ ಒಪ್ಪಿಗೆಯಿದೆ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ 4,500 ವಿದ್ಯುತ್ ಬಸ್ಸು ಮಂಜೂರಾಗಿವೆ, ಬಿಟಿಎಂ ಮೇಲಿನ ಹಳದಿ ಮೆಟ್ರೊ ಓಡುತ್ತಿದೆ. ಆದ್ದರಿಂದಲೇ ಬಿಎಂಟಿಸಿಗೆ ಈ ಎಣ್ಣೆ ಬೇಡ ಎನ್ನುವುದು. ಟ್ಯಾಂಕರಿಗೂ ಕರೆಂಟು ಹೋದಾಗ ಎದ್ದೇಳುವ ಜನರೇಟರಿಗೂ ಆ ಬದಲಾವಣೆ ಅಷ್ಟು ಬೇಗ ಬರುವಂತಿಲ್ಲ. ಇದರ ನಡುವೆ ಕಪ್ಪಾದ ಎಣ್ಣೆ ಹೆಚ್ಚು ದುಡ್ಡು ಕೊಟ್ಟವರ ಪಾಲಾಗಿ, ಹಲವೊಮ್ಮೆ ರಸ್ತೆಬದಿಯ ಬಾಣಲೆಗೆ ಮರಳುತ್ತದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಮಾತ್ರ ಲೆಕ್ಕವಿಡಬೇಕೆಂಬ ನಿಯಮದಿಂದ ಸಣ್ಣ ಚಿಪ್ಸ್ ಅಂಗಡಿ, ಪಿ.ಜಿ.ಗಳು ನುಣುಚಿಕೊಳ್ಳುತ್ತವೆ. ಆ ಮಿತಿಯನ್ನು ಇಳಿಸಿ, ಪಾಲಿಕೆ ವ್ಯಾಪಾರ ಪರವಾನಗಿ ನವೀಕರಿಸುವಾಗ ಎಣ್ಣೆ ಕೊಟ್ಟ ರಸೀದಿ ಕೇಳಲಿ. ಅದೇ ವಾರ್ಡಿನ ಜನರೇಟರುಗಳಿಗೆ ಶೇ 20ರ ಮಿಶ್ರಣವನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಕಡ್ಡಾಯ ಮಾಡಲಿ. ಲೀಟರಿಗೆ ಎಷ್ಟು ಕೊಟ್ಟರೆ ಅಂಗಡಿಯವನು ಬೇರೆಯವರಿಗೆ ಮಾರುವುದಿಲ್ಲ ಎಂಬುದನ್ನು ದೆಹಲಿಯಲ್ಲಿ ಕುಳಿತು ನಿಗದಿಪಡಿಸಲಾಗದು, ಅದು ಜಯನಗರ, ಬನಶಂಕರಿಗಳ ಮಾರುಕಟ್ಟೆಯಲ್ಲೇ ತೀರ್ಮಾನವಾಗಬೇಕು.