ಕಾಲು ಚಾಚುವಷ್ಟು ಜಾಗ

ಹೋದ ವರ್ಷ ಮಳೆಗಾಲದಲ್ಲಿ ನಮ್ಮನೆಯವರು ತೋಟದ ಸಂಕದ ಮೇಲಿಂದ ಜಾರಿ ಬಿದ್ದರು. ಪೆಟ್ಟಾದದ್ದು ಬಲ ಮೊಣಕಾಲಿಗೆ. ಈಗ ನಡೆಯುತ್ತಾರೆ, ಮೆಟ್ಟಿಲೂ ಹತ್ತುತ್ತಾರೆ. ಆದರೆ ಆ ಮೊಣಕಾಲು ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಹಾಗಾಗಿ ಅವರ ಹಳೇ ಕ್ರೂಸರ್ ಬೈಕು ಹೊನ್ನಾವರದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿತು.

ಕುಮಟೆಗೆ ಹೋಗಬೇಕೆಂದರೆ ಬಸ್ಸು, ಭಟ್ಕಳದ ಭಾವನ ಮನೆಗಾದರೆ ಯಾರದೋ ಕಾರಿನ ಹಿಂದಿನ ಸೀಟು. ಮಾತು ಕಡಿಮೆಯಾಯಿತು. ಸಂಜೆ ಜಗಲಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳಿಯೇ ಯಾವ ಕಂಪನಿಯದ್ದೆಂದು ಹೇಳುವುದೊಂದೇ ಕೆಲಸ. ಅತ್ತೆಯದು ಒಂದೇ ಮಂತ್ರ: "ತಮಾ, ಅದ್ನ ಮಾರ್ಬುಡೋ. ಕಾಲಿದ್ರೆ ಸಾಕು." ಬೆಂಗಳೂರಿನಲ್ಲಿರುವ ಮಗಳದು ಇನ್ನೊಂದು: "ಅಪ್ಪ, ಕಾಲು ಮುಂದಕ್ಕೆ ಚಾಚಿ ಓಡಿಸುವ ಬೈಕು ಕಂಪನಿಯಿಂದಲೇ ಬರ್ತದೆ, ಅದನ್ನೇ ತಗೊಳ್ಳಿ." ಅವಳ ಮಾತು ಸುಳ್ಳಲ್ಲ. 2005ರಲ್ಲಿ ಬಂದ ಬಜಾಜ್ ಅವೆಂಜರ್‌ನಲ್ಲೂ, 2020ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮಿಟಿಯೋರ್‌ನಲ್ಲೂ ಕಾಲಿಡುವ ಜಾಗ ಮುಂದೆಯೇ ಇದೆ. ಆದರೆ ಇವರಿಗೆ ಬೇಕಾದದ್ದು ಬೈಕಲ್ಲ, *ಆ* ಬೈಕು. ಮದುವೆಯಾಗಿ ಇಷ್ಟು ವರ್ಷ ಆದಮೇಲೆ ನನಗೆ ಅಷ್ಟು ಗೊತ್ತಾಗುವುದಿಲ್ಲವೇ?

ಕಡೆಗೆ ಒಂದು ಭಾನುವಾರ ಕೊಟ್ಟಿಗೆಯಲ್ಲಿ ಸ್ಪಾನರುಗಳ ಸದ್ದು. ಫುಟ್‌ರೆಸ್ಟು, ಗೇರು, ಬ್ರೇಕು ಎಲ್ಲವನ್ನೂ ಮುಂದಕ್ಕೆ ತರುವ ಯೋಜನೆ. ನಾನು ಕೇಳಿದ್ದು ಒಂದೇ: "ಕಾಲು ಚಾಚಿದ್ಮೇಲೆ ಬ್ರೇಕ್ ಒತ್ತೋಕೆ ಬಲ ಇದ್ಯಾ?" ಹಿಂದಿನ ಬ್ರೇಕು ಇರುವುದೇ ಬಲಗಾಲಿಗೆ, ಪೆಟ್ಟಾದದ್ದೂ ಅದೇ ಕಾಲಿಗೆ. ವ್ಯಾಯಾಮ ಹೇಳಿಕೊಡುವವರನ್ನೇ ಕೇಳಿದೆವು. ಪಾದದಿಂದ ಒತ್ತುವುದಕ್ಕೆ, ಬೇಗ ಎತ್ತಿ ಇಡುವುದಕ್ಕೆ ತೊಂದರೆಯಿಲ್ಲ, ಮಡಚಿಡುವುದೊಂದೇ ಕಷ್ಟ ಎಂದರು. ಆಮೇಲೆ ನಾನು ಸುಮ್ಮನಾದೆ. ಟಾರ್ಚು ಹಿಡಿಯುವ ಕೆಲಸ ನನಗೇ ಬಂತು.

ಅಳತೆ ತೆಗೆದದ್ದು ಹೀಗೆ. ಇವರು ಸೀಟಿನ ಮೇಲೆ ಕೂತು ಎರಡೂ ಕಾಲು ಮುಂದೆ ಚಾಚಿದರು, ನಾನು ಪಾದದ ಕೆಳಗೆ ಇಟ್ಟಿಗೆ ಇಡುತ್ತಾ ಹೋದೆ. ಮೊಣಕಾಲು ನೋಯದ, ಆದರೆ ಪೂರ್ತಿ ನೆಟ್ಟಗೂ ಆಗದ ಜಾಗ ಸಿಕ್ಕಿದಾಗ ಸೀಮೆಸುಣ್ಣದಲ್ಲಿ ಗುರುತು. ಆಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಮುಂದಿನ ಚಕ್ರ ಚಪ್ಪಲಿಗೆ ತಾಗುತ್ತದೋ ನೋಡಿದ್ದು, ಸೈಲೆನ್ಸರ್ ಕಾಲಿಗೆ ಎಷ್ಟು ದೂರ ಎಂದು ನೋಡಿದ್ದು. ಚೌಕಟ್ಟಿಗೆ ಬಿಗಿಯುವ ಪಟ್ಟಿಗಳನ್ನು ಕುಮಟೆಯ ಲೇತ್‌ನಲ್ಲಿ ಮಾಡಿಸಿ ತಂದರು. ಲೆಗ್ ಗಾರ್ಡಿಗೇ ಕಟ್ಟಿದರೆ ಸುಲಭ, ಆದರೆ ಅದು ಮೈಭಾರ ಹೊರಲು ಮಾಡಿದ್ದಲ್ಲ. ಕಾಲು ಊರಿ ಏಳುವಾಗ ಬಾಗುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಬರೀ ಕಬ್ಬಿಣ ಒಂದು ಮಳೆಗಾಲ ತಾಳುವುದಿಲ್ಲವೆಂದು ಎರಡು ಕೋಟ್ ಬಣ್ಣವೂ ಆಯಿತು.

ಗೇರಿನದ್ದೊಂದು ನಗೆಪಾಟಲು. ಪೆಡಲಿನಿಂದ ಎಂಜಿನ್ನಿನ ಶಾಫ್ಟಿಗೆ ಉದ್ದ ಸರಳು ಜೋಡಿಸಿದ ಮೇಲೆ ಒಂದನೇ ಗೇರಿಗೆ ಕಾಲಿಂದ ಕೆಳಗೆ ಒತ್ತಿದರೆ ಎರಡಕ್ಕೆ ಹೋಗುತ್ತಿತ್ತು, ಮೇಲೆತ್ತಿದರೆ ಒಂದು! ಪೆಡಲಿನ ತೋಳು ಮೇಲ್ಮುಖ, ಶಾಫ್ಟಿನ ತೋಳು ಕೆಳಮುಖ ಆಗಿತ್ತು. ಎರಡೂ ಒಂದೇ ಕಡೆ ಮುಖ ಮಾಡಿದ್ದರೆ ಸರಿ, ಎದುರುಬದುರಾದರೆ ಎಲ್ಲ ಉಲ್ಟಾ. ಶಾಫ್ಟಿನ ಹಲ್ಲುಗಳಿಂದ ತೋಳನ್ನು ಕಳಚಿ ತಿರುಗಿಸಿ ಹಾಕಿದರು. "ಸಂಸಾರದ ಹಾಗೇ" ಅಂದೆ. ನಗಲಿಲ್ಲ, ಬೋಲ್ಟು ಬಿಗಿಯುತ್ತಿದ್ದರು.

ಬ್ರೇಕಿನದ್ದು ನಗುವ ವಿಷಯವಲ್ಲ. ಮೊದಲ ದಿನ ನಾನೂ ಹಿಂದೆ ಕೂತು ಭಟ್ಕಳಕ್ಕೆ ಹೊರಟೆವು. ಶರಾವತಿ ಸೇತುವೆ ದಾಟಿ ಕಾಸರಕೋಡು ಕಳೆಯುವವರೆಗೆ ಸ್ವರ್ಗ. ಇವರು ಹಾಡು ಗುನುಗುತ್ತಿದ್ದರು, ಒಂದು ವರ್ಷದಲ್ಲಿ ಮೊದಲ ಸಲ. ಮಂಕಿ ಹತ್ತಿರ ಬಂದಾಗ ಏನೋ ಸುಟ್ಟ ವಾಸನೆ. ಯಾರೋ ಕಸ ಸುಡುತ್ತಿದ್ದಾರೆ ಎಂದುಕೊಂಡೆ. ಎಕ್ಸಲೇಟರ್ ಬಿಟ್ಟ ಕೂಡಲೇ ಗಾಡಿ ತಾನಾಗಿ ನಿಂತಂತಾಯಿತು. ಇಳಿದು ನೋಡಿದರೆ ಹಿಂದಿನ ಡ್ರಮ್ಮಿನಿಂದ ಹೊಗೆ. ಹನಿಸಿದ ನೀರು ಚುಂಯ್ ಎಂದಿತು.

ಆದದ್ದಿಷ್ಟೇ. ಮನೆಯಲ್ಲಿ ಬೈಕು ಸ್ಟ್ಯಾಂಡಿನ ಮೇಲಿದ್ದಾಗ ಬ್ರೇಕನ್ನು ಸಡಿಲವೇ ಇಲ್ಲದಂತೆ ಬಿಗಿದಿದ್ದರು. ಇಬ್ಬರು ಕೂತಾಗ ಹಿಂದಿನ ಸ್ಪ್ರಿಂಗು ತಗ್ಗಿ ಸರಳು ಇನ್ನಷ್ಟು ಎಳೆದುಕೊಂಡಿತು, ಬ್ರೇಕು ಇಡೀ ದಾರಿ ಹಿಡಿದೇ ಇತ್ತು. ಪೆಡಲು ಒಂದು ಇಂಚಿನಷ್ಟು ಸುಮ್ಮನೆ ಇಳಿದ ಮೇಲೆಯೇ ಹಿಡಿಯಬೇಕು, ಅದನ್ನು ಇಬ್ಬರು ಕೂತೇ ನೋಡಬೇಕು. ಡ್ರಮ್ಮು ತಣ್ಣಗಾಗುವವರೆಗೆ ಮಂಕಿಯ ಒಂದು ಅಂಗಡಿಯಲ್ಲಿ ಚಹಾ ಕುಡಿದು, ಹಿಂದಿನ ನಟ್ಟು ಸಡಿಲಿಸಿ ಮುಂದುವರಿದೆವು. ನನ್ನ ಕೈ ನಡುಗುತ್ತಿತ್ತು. ಇವರದೂ ಎಂದು ಆಮೇಲೆ ಗೊತ್ತಾಯಿತು. ಮನೆಗೆ ಬಂದಾಗ ಬ್ರೇಕ್ ಲೈಟೂ ಇಡೀ ದಾರಿ ಉರಿದೇ ಇತ್ತೆಂದು ಕಂಡು, ಅದರ ಸ್ವಿಚ್ಚನ್ನೂ ಹೊಸ ಪೆಡಲಿಗೆ ಹೊಂದಿಸಿದ್ದಾಯಿತು.

ಇನ್ನೂ ಒಂದು ಹೇಳಲೇಬೇಕು. ಕಾಲು ಮುಂದಿದ್ದರೆ ಹಂಪು, ಹೊಂಡ ಬಂದಾಗ ಎದ್ದು ನಿಲ್ಲಲಾಗುವುದಿಲ್ಲ, ಪೆಟ್ಟೆಲ್ಲ ಸೊಂಟಕ್ಕೆ. ಮೊಣಕಾಲು ಉಳಿಸಿಕೊಂಡವರು ಬೆನ್ನು ಕಳೆದುಕೊಳ್ಳಬಾರದಲ್ಲ? ಇವರಿಗೆ ಸೀಟಿನ ಕೆಳಗೆ ಇನ್ನೊಂದು ದಪ್ಪ ಫೋಮ್ ಬೇಕಾಯಿತು.

ಭಟ್ಕಳದಲ್ಲಿ ಭಾವ ಬೈಕಿನ ಸುತ್ತ ಒಂದು ಸುತ್ತು ಹಾಕಿ ಕೇಳಿದ್ದು: "ಆರ್‌ಸಿಯಲ್ಲಿ ಇದಕ್ಕೆ ಒಪ್ಪಿಗೆ ಉಂಟಾ ಮಾರಾಯ?" 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಕೇರಳದ ಪ್ರಕರಣವೊಂದರಲ್ಲಿ ಅದನ್ನೇ ಎತ್ತಿ ಹಿಡಿದಿದೆ. "ಪೆಡಲು ಎಲ್ಲಿದೆ ಅಂತ ಆರ್‌ಸಿಯಲ್ಲಿ ಬರೆದಿಲ್ಲ" ಎಂದು ಇವರ ವಾದ. "ಅದನ್ನು ಅಪಘಾತವಾದ ಮೇಲೆ ವಿಮೆಯವರಿಗೆ ಹೇಳು" ಎಂದ ಭಾವ. ಆಗ ಮಾತು ನಿಂತಿತು. ಮೊದಲು ಕೇಳಬೇಕಾದ್ದನ್ನು ನಾವು ಕೊನೆಗೆ ಕೇಳಿದ್ದೆವು.

ಡಾಕ್ಟರ ಚೀಟಿ, ಬೈಕಿನ ಫೋಟೋ, ಒಂದು ಅರ್ಜಿ ಸೇರಿಸಿ ನಮ್ಮ ಕೆಎ-47 ಕಚೇರಿಗೂ ವಿಮೆಯವರಿಗೂ ಹೋದ ವಾರ ಕೊಟ್ಟು ಬಂದಿದ್ದಾರೆ. ಉತ್ತರ ಬರುವವರೆಗೆ ಹೆದ್ದಾರಿ ಬೇಡ ಎಂದು ನನ್ನ ಷರತ್ತು. ಈಗ ಬೆಳಿಗ್ಗೆ ಅಂಗಳದಿಂದ ಗೇಟಿನವರೆಗೆ ಎರಡು ಸುತ್ತು ಹಾಕಿ ನಿಲ್ಲಿಸುತ್ತಾರೆ. ಬಿಚ್ಚಿದ ಹಳೇ ಫುಟ್‌ರೆಸ್ಟು, ಪೆಡಲು, ಅದರ ಬೋಲ್ಟುಗಳನ್ನೆಲ್ಲ ತೆಂಗಿನೆಣ್ಣೆ ಹಚ್ಚಿ, ಹಳೇ ಪೇಪರಿನಲ್ಲಿ ಸುತ್ತಿ, ಉಪ್ಪಿನಕಾಯಿ ಭರಣಿಗಳ ಪಕ್ಕ ಅಟ್ಟದ ಮೇಲೆ ಇಟ್ಟಿದ್ದೇನೆ. ಬೇಡ ಎಂದು ಉತ್ತರ ಬಂದರೆ ಅವು ಕೈಗೆ ಸಿಗಬೇಕಲ್ಲ.